ಸಿಸ್ಟಮ್‌ದಾಗ ಇಲ್ರಿ

ಸೇಡಂ, ಚಿತ್ತಾಪುರ, ವಾಡಿ ಕಡೆ ಉದ್ದಿಮೆಯ ಮಾತೆತ್ತಿದರೆ ಈಗ ಎಲ್ಲರದೂ ಒಂದೇ ಉಪದೇಶ: ಇಡೀ ಉದ್ದಿಮೆಯ ಲೆಕ್ಕ ಒಂದೆಡೆ ಇಡುವ ತಂತ್ರಾಂಶ, ಇಆರ್‌ಪಿ, ಹಾಕಿಸಿ. ಖರೀದಿ, ದಾಸ್ತಾನು, ಉತ್ಪಾದನೆ, ಮಾರಾಟ, ಹಣಕಾಸು, ಯಂತ್ರಗಳ ದುರಸ್ತಿ, ಸಿಬ್ಬಂದಿ ಅಂತ ಒಂದೊಂದಕ್ಕೆ ಒಂದೊಂದು ಮಾಡ್ಯೂಲ್. ಒಂದು ಕಡೆ ಒತ್ತಿದರೆ ಎಲ್ಲ ಕಡೆ ಗೊತ್ತಾಗುತ್ತದೆ, ಕಳವು ನಿಲ್ಲುತ್ತದೆ, ಲೆಕ್ಕ ಕನ್ನಡಿಯಂತೆ ಕಾಣುತ್ತದೆ. ತಂತ್ರಾಂಶ ಮಾರಲು ಬಂದ ಹುಡುಗ ಇದನ್ನು ಹೇಳುತ್ತಾನೆ, ಎಂಬಿಎ ಮೇಷ್ಟ್ರು ಹೇಳುತ್ತಾರೆ, ಕಾರ್ಖಾನೆಯ ಖರೀದಿ ವಿಭಾಗದ ಸಾಹೇಬರು ಚಹಾ ಕುಡಿಸಿ ಹೇಳುತ್ತಾರೆ. ಉಪದೇಶದ ಬಾಲಕ್ಕೆ ಇನ್ನೊಂದು ಮಾತು ಅಂಟಿಕೊಂಡಿರುತ್ತದೆ: ತಂತ್ರಾಂಶವನ್ನು ನಿಮ್ಮ ಪದ್ಧತಿಗೆ ಬಗ್ಗಿಸಲು ಹೋಗಬೇಡಿ, ನಿಮ್ಮ ಪದ್ಧತಿಯನ್ನೇ ಅದಕ್ಕೆ ಬಗ್ಗಿಸಿ, ಅದರೊಳಗೆ ಇರುವುದು ಜಗತ್ತಿನ ಅತ್ಯುತ್ತಮ ಪದ್ಧತಿ.

ಉಪದೇಶದ ತಲೆಯ ಬಗ್ಗೆ ನನ್ನ ತಕರಾರು ಕಡಿಮೆ. ಈ ಬಾಲವನ್ನು ಮಾತ್ರ ಒಪ್ಪಲಾರೆ. ಮಾಡ್ಯೂಲ್‌ಗಳನ್ನು ಲೆಕ್ಕ ಇಡುವ ಉಪಕರಣ ಅಂತ ಮಾರುತ್ತಾರೆ. ನಮ್ಮ ಭಾಗದಲ್ಲಿ ಅವು ಮಾಡುತ್ತಿರುವ ಕೆಲಸ ಬೇರೆ: ಏನು ನಡೆದಿದೆ, ಏನು ನಡೆದಿಲ್ಲ ಅನ್ನುವ ತೀರ್ಪು ಕೊಡುವುದು. ಆ ತೀರ್ಪಿನ ಅಧಿಕಾರ ಲಾಗಿನ್ ಇದ್ದವನ ಕೈಯಲ್ಲಿದೆ, ಅದರ ಖರ್ಚು ಲಾಗಿನ್ ಇಲ್ಲದವನ ಹೆಗಲ ಮೇಲಿದೆ.

ಕಾಗಿಣಾ ನದಿಯ ಎರಡೂ ದಂಡೆಯ ಸುಣ್ಣಕಲ್ಲು ಈ ಊರುಗಳಿಗೆ ಅನ್ನ ಹಾಕುತ್ತ ಬಂದಿದೆ. ಶಹಾಬಾದಿನ ಸಿಮೆಂಟ್ ಕಂಪನಿ 1936ರಲ್ಲಿ ಎಸಿಸಿ ಕಟ್ಟಲು ಒಂದಾದ ಕಂಪನಿಗಳ ಪೈಕಿ ಒಂದು. ಆಮೇಲೆ ವಾಡಿ ಬಂತು, ಮಳಖೇಡದ ರಾಜಶ್ರೀ ಬಂತು, ಸೇಡಂನ ವಾಸವದತ್ತಾ ಬಂತು. ಈಚೆಗೆ ಕೊಡ್ಲಾದ ಶ್ರೀ ಸಿಮೆಂಟ್, ಇಟಗಾದ ಓರಿಯಂಟ್, ಚಿಂಚೋಳಿ ತಾಲ್ಲೂಕಿನ ಛತ್ರಸಾಲದಲ್ಲಿ ಫ್ರಾನ್ಸಿನ ವಿಕಾ ಕಂಪನಿಯ ಕಲಬುರ್ಗಿ ಸಿಮೆಂಟ್. ಒಡೆತನವೂ ಕೈ ಬದಲಾಯಿಸುತ್ತಲೇ ಇದೆ. ಎಸಿಸಿ 2022ರಲ್ಲಿ ಅದಾನಿ ಸಮೂಹಕ್ಕೆ ಹೋಯಿತು, 2025ರಲ್ಲಿ ಓರಿಯಂಟೂ ಅದೇ ಮನೆ ಸೇರಿತು. ವಾಸವದತ್ತಾ ಅದೇ ವರ್ಷ ಅಲ್ಟ್ರಾಟೆಕ್ ಆಯಿತು. ಪತ್ರಿಕೆಯ ವಾಣಿಜ್ಯ ಪುಟಕ್ಕೆ ಇದು ಸಾವಿರಾರು ಕೋಟಿಯ ಸುದ್ದಿ. ಯಾವ ಉದ್ದಿಮೆಯಲ್ಲಾಗಲಿ ಒಡೆಯ ಬದಲಾದ ಮೇಲೆ ತಂತ್ರಾಂಶವನ್ನೂ ಒಂದು ಮಾಡುತ್ತಾರೆ. ಆಗ ಸರಬರಾಜುದಾರನಿಗೆ ಹೊಸ ವೆಂಡರ್ ಕೋಡ್, ಹೊಸ ಕೆವೈಸಿ, ಹೊಸ ರದ್ದಾದ ಚೆಕ್ಕು. ಅಪ್ಪನ ಕಾಲದಿಂದ ಅದೇ ಗೇಟಿಗೆ ಮಾಲು ಹಾಕಿದವನೂ ಆ ದಿನ ಅಪರಿಚಿತನೇ.

ಈ ದೊಡ್ಡ ಕಾರ್ಖಾನೆಗಳ ಸುತ್ತ ಬದುಕುವವರು ಯಾರು? ಎರಡು ಲಾರಿ ಇಟ್ಟವರು, ಕನ್ವೇಯರ್ ರೋಲರ್ ಸರಿಮಾಡುವ ವೆಲ್ಡಿಂಗ್ ಶೆಡ್ಡಿನವರು, ಕೂಲಿಯಾಳು ಒದಗಿಸುವ ಗುತ್ತಿಗೆದಾರರು. ಅವರಾಚೆ ಪರ್ಸಿಕಲ್ಲಿನ ಗಣಿ ಮತ್ತು ಪಾಲಿಶ್ ಘಟಕಗಳು, ತೊಗರಿಯ ದಾಲ್‌ಮಿಲ್‌ಗಳು, ಆಡತ್ ಅಂಗಡಿಗಳು. ಮೊದಲನೆಯವರು ಬೇರೆಯವರ ಮಾಡ್ಯೂಲಿಗೆ ಸಿಕ್ಕಿಬಿದ್ದವರು. ಎರಡನೆಯವರಿಗೆ ಅದನ್ನೇ ಕೊಂಡುಕೊಳ್ಳಿ ಎಂದು ಈಗ ದುಂಬಾಲು ಬಿದ್ದಿದ್ದಾರೆ.

ಅತ್ಯುತ್ತಮ ಪದ್ಧತಿ ಅನ್ನುತ್ತಾರಲ್ಲ, ಅದು ಯಾರ ಪದ್ಧತಿ? 1972ರಲ್ಲಿ ಜರ್ಮನಿಯಲ್ಲಿ ಐಬಿಎಂ ಬಿಟ್ಟು ಬಂದ ಐವರು ಎಂಜಿನಿಯರುಗಳು ಸ್ಯಾಪ್ ಎಂಬ ತಂತ್ರಾಂಶ ಕಂಪನಿ ಶುರು ಮಾಡಿದರು. ಮೊದಲ ಗಿರಾಕಿ ಐಸಿಐ ಕಂಪನಿಯ ಅಲ್ಲಿನ ಕಾರ್ಖಾನೆ. ಅದೇ ಹೊತ್ತಿಗೆ ಅಮೆರಿಕದಲ್ಲಿ ಯಂತ್ರ ಜೋಡಿಸುವ ಕಾರ್ಖಾನೆಗಳಿಗೆ ಯಾವ ಬಿಡಿಭಾಗ ಯಾವಾಗ ಎಷ್ಟು ಬೇಕು ಎಂದು ಲೆಕ್ಕ ಹಾಕುವ ವಿಧಾನ ಬೆಳೆಯುತ್ತಿತ್ತು. ಈ ಧಾರೆಗಳೆಲ್ಲ ಕೂಡಿದ್ದಕ್ಕೆ 1990ರಲ್ಲಿ ಗಾರ್ಟ್‌ನರ್ ಸಂಸ್ಥೆ ಇಆರ್‌ಪಿ ಎಂದು ಹೆಸರಿಟ್ಟಿತು. ಹುಟ್ಟಿನ ಗುಣ ಹೋಗಲಿಲ್ಲ. ಹತ್ತು ಬಿಡಿಭಾಗ ಸೇರಿದರೆ ಒಂದು ಪಂಪು. ಪ್ರತಿ ಬಿಡಿಭಾಗಕ್ಕೂ ಒಂದು ಸಂಖ್ಯೆ. ಇವತ್ತಿನ ಬೇರಿಂಗಿಗೂ ನಾಳಿನ ಬೇರಿಂಗಿಗೂ ವ್ಯತ್ಯಾಸವಿಲ್ಲ. ಉತ್ಪಾದನಾ ಮಾಡ್ಯೂಲಿನ ಹೊಟ್ಟೆಯಲ್ಲಿರುವ ಊಹೆ ಇದೇ.

ಈ ಊಹೆ ಹೊಂದುವ ಕಡೆ ಮಾಡ್ಯೂಲ್ ಚಿನ್ನದಂಥ ಕೆಲಸ ಮಾಡುತ್ತದೆ ಎಂದು ಒಪ್ಪಿಕೊಳ್ಳಬೇಕು. ಸಿಮೆಂಟ್ ಕಾರ್ಖಾನೆಯಲ್ಲಿ ಕಲ್ಲು ಸುಡುವ ಕುಲುಮೆ, ಅಂದರೆ ಕಿಲ್ನ್, ನಿಂತಿತು ಅಂದರೆ ಗಂಟೆಗೆ ಲಕ್ಷಗಳಲ್ಲಿ ನಷ್ಟ. ಯಾವ ಗೇರ್‌ಬಾಕ್ಸ್ ಯಾವಾಗ ಬಿಚ್ಚಬೇಕು, ಅದಕ್ಕೆ ಬೇಕಾದ ಸೀಲು ಸ್ಟೋರಿನ ಯಾವ ಕಪಾಟಿನಲ್ಲಿದೆ, ಇಲ್ಲದಿದ್ದರೆ ತರಿಸಲು ಎಷ್ಟು ದಿನ ಬೇಕು, ಇದನ್ನೆಲ್ಲ ದುರಸ್ತಿ ಮಾಡ್ಯೂಲೂ ದಾಸ್ತಾನು ಮಾಡ್ಯೂಲೂ ಮಾತಾಡಿಕೊಂಡು ಹೇಳುವಷ್ಟು ಚೆನ್ನಾಗಿ ಯಾವ ಹಳೆಯ ಸ್ಟೋರ್‌ಕೀಪರನೂ ಹೇಳಲಾರ. ಬೇರಿಂಗ್ ಬೇರಿಂಗೇ.

ಆದರೆ ಸುಣ್ಣಕಲ್ಲಿನ ಗುಡ್ಡೆ ಬೇರಿಂಗ್ ಅಲ್ಲ. ಕಿಲ್ನ್‌ನಿಂದ ಬೀಳುವ ಒಂದು ಟನ್ ಕ್ಲಿಂಕರಿಗೆ ಸುಮಾರು ಒಂದೂವರೆ ಟನ್ ಸುಣ್ಣಕಲ್ಲು ಬೇಕು. ಉಳಿದದ್ದು ಅನಿಲವಾಗಿ ಚಿಮಣಿಯಿಂದ ಹೋಗುತ್ತದೆ. ಆ ಕಲ್ಲು ಬೆಲ್ಟಿನ ಮೇಲೆ ಓಡುವಾಗ ತೂಗುವ ಯಂತ್ರ ಧೂಳು ಕೂತರೆ ತಪ್ಪು ತೋರಿಸುತ್ತದೆ. ಕಲ್ಲಿದ್ದಲು ಮಳೆಗಾಲದಲ್ಲಿ ನೀರು ಕುಡಿದು ಭಾರವಾಗುತ್ತದೆ, ಏಪ್ರಿಲ್ ಬಿಸಿಲಲ್ಲಿ ಹಗುರಾಗುತ್ತದೆ. ಲೆಕ್ಕದಲ್ಲಿ ಮಾತ್ರ ಅದೇ ಟನ್. ಹಾಗಾಗಿ ತಿಂಗಳ ಕೊನೆಗೆ ಸರ್ವೆಯವರು ಗುಡ್ಡೆ ಅಳೆಯುತ್ತಾರೆ. ಮೊದಲು ಟೇಪು, ಥಿಯೋಡೊಲೈಟು, ಈಗ ಡ್ರೋನ್. ಎಷ್ಟು ಘನಮೀಟರ್, ಅದಕ್ಕೆ ಎಷ್ಟು ಸಾಂದ್ರತೆ ಹಿಡಿಯಬೇಕು ಅಂತ ಗುಣಿಸಿ ಬಂದ ಅಂಕಿಗೂ ಪರದೆಯ ಮೇಲಿನ ಅಂಕಿಗೂ ಬರುವ ಅಂತರವನ್ನು ಒಂದು ಎಂಟ್ರಿ ಹಾಕಿ ಮುಚ್ಚುತ್ತಾರೆ. ಇದರಲ್ಲಿ ಮೋಸವಿಲ್ಲ. ಗುಡ್ಡೆಗಳ ಜೊತೆ ವ್ಯವಹರಿಸುವ ಎಲ್ಲ ಉದ್ದಿಮೆಯೂ ಹೀಗೇ ಮಾಡಬೇಕು. ಆದರೆ ಕ್ಷಣಕ್ಷಣದ ನಿಜ ನಮ್ಮ ಪರದೆಯ ಮೇಲಿದೆ ಎಂದು ಹೇಳುವವರು ತಿಂಗಳ ಮೂವತ್ತನೇ ತಾರೀಖು ಗುಡ್ಡೆಯ ಬುಡಕ್ಕೆ ಬಂದು ನಿಲ್ಲಲಿ. ದೊಡ್ಡ ಕಾರ್ಖಾನೆಗೆ ತನ್ನ ಅಂಕಿ ತಪ್ಪಿದರೆ ತಿದ್ದಿಕೊಳ್ಳಲು ದಾರಿಯಿದೆ, ಅದಕ್ಕೊಂದು ಕೋಡೂ ಇದೆ. ಅದೇ ಔದಾರ್ಯ ಗೇಟಿನ ಹೊರಗಿನವನಿಗೆ ಯಾಕಿಲ್ಲ ಅನ್ನುವುದು ನನ್ನ ಮುಂದಿನ ಪ್ರಶ್ನೆ. ಅದಕ್ಕೂ ಮೊದಲು ಕಲ್ಲು ಮತ್ತು ತೊಗರಿಯ ಕಡೆ ಒಮ್ಮೆ ಹೋಗಿಬರೋಣ.

ಶಹಾಬಾದಿನ ಪರ್ಸಿ ಭೂಮಿಯೊಳಗೆ ಪದರ ಪದರವಾಗಿ ಮಲಗಿದ ಕಲ್ಲು. ಉಳಿ ಇಟ್ಟು ಹೊಡೆದರೆ ತಾನಾಗಿ ಹಲಗೆಯಂತೆ ಏಳುತ್ತದೆ. ಯಾವ ದಪ್ಪಕ್ಕೆ ಏಳಬೇಕು ಅನ್ನುವುದನ್ನು ಕಲ್ಲೇ ತೀರ್ಮಾನಿಸುತ್ತದೆ. ಒಂದೇ ಹಲಗೆ ಒಂದು ತುದಿಗೆ ಒಂದಿಂಚು ಇದ್ದು ಇನ್ನೊಂದು ತುದಿಗೆ ಒಂದೂಕಾಲು ಇರಬಹುದು. ಬೂದು, ನೀಲಿಗಪ್ಪು, ಹಳದಿ ಛಾಯೆ, ಒಂದು ಬದಿ ಪಾಲಿಶ್, ಎರಡು ಬದಿ ಪಾಲಿಶ್, ಪಾಲಿಶ್ ಇಲ್ಲದ್ದು, ಮೂಲೆ ಮುರಿದದ್ದು. ಮಾರಾಟ ಚದರಡಿಯ ಮೇಲೆ, ಲಾರಿ ಬಾಡಿಗಿ ಟನ್ನಿನ ಮೇಲೆ. ಇದನ್ನು ಐಟಂ ಮಾಸ್ಟರ್‌ಗೆ ತುಂಬಿ ಎಂದರೆ ಎರಡೇ ದಾರಿ. ಪ್ರತಿ ದಪ್ಪ, ಅಳತೆ, ಬಣ್ಣ, ಪಾಲಿಶಿಗೆ ಒಂದೊಂದು ಕೋಡು ಮಾಡಿದರೆ ಕೋಡುಗಳೇ ಕಲ್ಲಿಗಿಂತ ಹೆಚ್ಚಾಗುತ್ತವೆ. ಪ್ರತಿ ಮಾರಾಟಕ್ಕೂ ಕೋಡು ಹುಡುಕುವವನೊಬ್ಬನನ್ನು ಸಂಬಳ ಕೊಟ್ಟು ಇಡಬೇಕು. ಇಲ್ಲವೇ ‘ಶಹಾಬಾದ್ ಸ್ಟೋನ್’ ಅಂತ ಒಂದೇ ಕೋಡು ಮಾಡಬೇಕು. ಆಗ ದಾಸ್ತಾನು ಮಾಡ್ಯೂಲ್ ಹೇಳುವುದು ಅಂಗಳದಲ್ಲಿ ನಿಂತವನ ಕಣ್ಣಿಗೆ ಕಾಣುವುದಕ್ಕಿಂತ ಕಡಿಮೆ. ಘಟಕದ ಮಾಲೀಕರು ಸಾಮಾನ್ಯವಾಗಿ ಎರಡನೆಯದನ್ನೇ ಮಾಡುತ್ತಾರೆ, ಮಾಡಿ ಬೈಸಿಕೊಳ್ಳುತ್ತಾರೆ: ನೀವು ಇನ್ನೂ ಹಳೇ ಕಾಲದವರು, ಡೇಟಾ ಶಿಸ್ತಿಲ್ಲ. ಶಿಸ್ತು ಇಲ್ಲದ್ದು ಕಲ್ಲಿಗೆ!

ದಾಲ್‌ಮಿಲ್‌ನದು ಇನ್ನೂ ಮಜವಾದ ಕಥೆ. ಕಲಬುರ್ಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಸಿಕ್ಕಿದ ಮೇಲೆ ಮಿಲ್ಲಿನವರಿಗೂ ‘ಆಧುನಿಕರಾಗಿ’ ಎಂಬ ಒತ್ತಾಯ ಹೆಚ್ಚಾಗಿದೆ. ಉತ್ಪಾದನಾ ಮಾಡ್ಯೂಲ್ ಕೇಳುವ ಮೊದಲ ಪ್ರಶ್ನೆ: ಒಂದು ಸರಕು ತಯಾರಿಸಲು ಏನೇನು ಸಾಮಾನು ಬೇಕು? ಮಿಲ್ಲಿನವನ ವ್ಯವಹಾರ ಇದರ ತಿರುಗುಮುರುಗು. ಒಂದೇ ಸಾಮಾನು ಒಳಗೆ ಹೋಗುತ್ತದೆ, ಹೊರಗೆ ಬರುವುದು ಹಲವು: ಒಂದನೇ ದರ್ಜೆ ಬೇಳೆ, ಎರಡನೆಯದು, ನುಚ್ಚು, ದನಕ್ಕೆ ಹೋಗುವ ಹೊಟ್ಟು, ಪುಡಿ. 100 ಕಿಲೋ ತೊಗರಿಗೆ 70ರಿಂದ 75 ಕಿಲೋ ಬೇಳೆ ಬಂದರೆ ಸಾಮಾನ್ಯ. ಆದರೆ ಅದು ಯಾವ ಹೊಲದ ತೊಗರಿ, ಯಾವ ತಿಂಗಳು ಕೊಂಡದ್ದು, ಎಣ್ಣೆ ಹಚ್ಚಿ ಎಷ್ಟು ಬಿಸಿಲು ಕಂಡಿತು ಎಂಬುದರ ಮೇಲೆ ಹೋಗುತ್ತದೆ. ಬಿಸಿಲಿಗೆ ಹರವಿದ ತೊಗರಿಯ ತೂಕ ಇಳಿಯುತ್ತದೆ. ಆ ಇಳಿದ ತೂಕವನ್ನು ಕದ್ದವರು ಯಾರು ಎಂದು ಮಾಡ್ಯೂಲ್ ಕೆಂಪಕ್ಷರದಲ್ಲಿ ಕೇಳುತ್ತದೆ. ಕೂಡುಸರಕು, ಉಪಸರಕು ಎಂಬ ಸೌಲಭ್ಯ ದೊಡ್ಡ ತಂತ್ರಾಂಶಗಳಲ್ಲಿ ಇದೆ, ನಿಜ. ಅದನ್ನು ಹೊಂದಿಸಿಕೊಡುವ ಸಲಹೆಗಾರನ ಶುಲ್ಕ ಮಿಲ್ಲಿನವನ ಒಂದು ಹಂಗಾಮಿನ ಲಾಭವನ್ನು ನುಂಗುತ್ತದೆ. ಇಷ್ಟಾಗಿ ಮಿಲ್ಲಿನವನಿಗೆ ಗೊತ್ತಾಗಬೇಕಾದದ್ದು ಒಂದೇ: ಇವತ್ತಿನ ತೊಗರಿ ದರಕ್ಕೆ ಇವತ್ತು ಒಡೆದರೆ ಗಿಟ್ಟುತ್ತದೋ, ಎರಡು ವಾರ ಕಾಯಬೇಕೋ. ಅದಕ್ಕೆ ಯಾವ ಮಾಡ್ಯೂಲೂ ಇಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆ ನಮ್ಮ ರಾಜ್ಯದಲ್ಲೇ ಹುಟ್ಟಿದೆ, ಅದನ್ನು ಉಪದೇಶಕರು ಯಾಕೋ ಮರೆಯುತ್ತಾರೆ. 1986ರಲ್ಲಿ ಬೆಂಗಳೂರಿನ ಶ್ಯಾಮಸುಂದರ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಶುರು ಮಾಡಿದ ಟ್ಯಾಲಿ ಇವತ್ತು ಸೇಡಂನ ಆಡತ್ ಅಂಗಡಿಯಲ್ಲೂ ಚಿಂಚೋಳಿಯ ಗೊಬ್ಬರದಂಗಡಿಯಲ್ಲೂ ಇದೆ. ಅದು ಗೆದ್ದದ್ದು ಮುನೀಮನ ಕಿರ್ದಿ, ಖಾತೆಯ ಹಿಂದೆ ಹಿಂದೆ ನಡೆದದ್ದರಿಂದ. ಕಂಪ್ಯೂಟರ್ ಕೋಡು ಕೇಳಲಿಲ್ಲ. ಖಾತೆಗೆ ಹೆಸರಿಟ್ಟರೆ ಸಾಕಾಯಿತು. ವೋಚರ್ ಬರೆಯುತ್ತ ಬರೆಯುತ್ತಲೇ ಹೊಸ ಖಾತೆ ತೆಗೆಯಬಹುದಿತ್ತು. ನಿನ್ನೆಯ ತಪ್ಪನ್ನು ಇವತ್ತು ತಿದ್ದಬಹುದಿತ್ತು. ಈ ತಿದ್ದುವ ಸ್ವಾತಂತ್ರ್ಯವನ್ನೇ ದೊಡ್ಡವರು ದೋಷ ಅಂದರು. ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ, ಅದರಿಂದ ತೆರಿಗೆ ಕದ್ದವರೂ ಇದ್ದಾರೆ. ಅದಕ್ಕೇ 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಯಾರು ಯಾವಾಗ ಏನು ತಿದ್ದಿದರು ಎಂಬ ಜಾಡು ಉಳಿಯಲೇಬೇಕೆಂಬ ನಿಯಮ ಬಂತು. ನೋಡಿ, ಎಷ್ಟು ಸರಳ ಪರಿಹಾರ: ತಿದ್ದು, ಆದರೆ ಗುರುತು ಬಿಡು. ವ್ಯಾಪಾರದ ಪದ್ಧತಿಯನ್ನು ಮುರಿಯದೆಯೇ ಆಯಿತು.

ಈಗ ಗೇಟಿಗೆ ಬರೋಣ.

ಖರೀದಿ ಮಾಡ್ಯೂಲಿನ ಮಹಾಮಂತ್ರ ಮೂರು ಕಾಗದಗಳ ತಾಳೆ. ಕಾರ್ಖಾನೆ ಕೊಟ್ಟ ಖರೀದಿ ಆದೇಶ (ಪಿಒ), ಮಾಲು ಬಂತೆಂದು ಸ್ಟೋರು ಮಾಡಿದ ಎಂಟ್ರಿ, ಸರಬರಾಜುದಾರನ ಬಿಲ್ಲು. ಮೂರೂ ಹೊಂದಿದರೆ ಹಣ, ಇಲ್ಲದಿದ್ದರೆ ಇಲ್ಲ. ಕಲ್ಪನೆ ಒಳ್ಳೆಯದೇ. ಕಾಗದದ ಕಾಲದಲ್ಲಿ ಸ್ಟೋರಿನವನೂ ಗುತ್ತಿಗೆದಾರನೂ ಸೇರಿ ಬಾರದ ಮಾಲಿಗೆ ಬಿಲ್ಲು ಮಾಡಿದ್ದು, ಒಂದೇ ಬಿಲ್ಲಿಗೆ ಎರಡು ಸಲ ಹಣ ಎತ್ತಿದ್ದು ಈ ಭಾಗದಲ್ಲಿ ಯಾರಿಗೂ ಹೊಸ ಸುದ್ದಿಯಲ್ಲ. ಮಾಡ್ಯೂಲ್ ಅದನ್ನು ತಡೆಯಿತು ಎಂದು ಹೇಳುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ.

ಆದರೆ ಮೂರು ಕಾಗದಗಳಲ್ಲಿ ಎರಡು ಯಾರ ಕೈಯಲ್ಲಿವೆ? ಪಿಒ ಕಾರ್ಖಾನೆಯದು, ಎಂಟ್ರಿ ಕಾರ್ಖಾನೆಯದು. ಸಣ್ಣವನ ಕೈಯಲ್ಲಿರುವುದು ಬಿಲ್ಲು ಒಂದೇ. ರಾತ್ರಿ ಕನ್ವೇಯರ್ ರೋಲರ್ ಮುರಿಯುತ್ತದೆ. ಶಿಫ್ಟ್ ಎಂಜಿನಿಯರ್ ಫೋನ್ ಮಾಡಿ ‘ಅಣ್ಣಾ, ಈಗಿಂದೀಗ ಬಾ’ ಅನ್ನುತ್ತಾನೆ. ವೆಲ್ಡಿಂಗ್ ಶೆಡ್ಡಿನವನು ಇಬ್ಬರು ಹುಡುಗರನ್ನು ಬೈಕಿನ ಮೇಲೆ ಕೂರಿಸಿಕೊಂಡು ಹೋಗಿ ಬೆಳಗಿನ ಜಾವಕ್ಕೆ ಬೆಲ್ಟು ಓಡಿಸಿ ಬರುತ್ತಾನೆ. ಪಿಒ ಆಮೇಲೆ ಆಗುತ್ತದೆ. ಅದಕ್ಕೆ ಬಜೆಟ್ ಮಾಲೀಕರ ಅನುಮೋದನೆ ಬೇಕು, ಅವರು ರಜೆಯಲ್ಲಿದ್ದಾರೆ. ಪಿಒ ಬಂದ ಮೇಲೆ ಸೇವೆ ಮುಗಿಯಿತೆಂಬ ಎಂಟ್ರಿ ಆಗಬೇಕು. ಅಷ್ಟರಲ್ಲಿ ಆ ಎಂಜಿನಿಯರಿಗೆ ಬೇರೆ ಪ್ಲಾಂಟಿಗೆ ವರ್ಗ. ಹೊಸಬರು ಹೇಳುತ್ತಾರೆ: ‘ಸಿಸ್ಟಮ್‌ದಾಗ ಇಲ್ರಿ.’ ಸೇಡಂ ಸುತ್ತಲಿನ ಸಣ್ಣವರ ಲೆಕ್ಕಪತ್ರ ನೋಡುವ ನನ್ನಂಥವನಿಗೆ ಇದು ವಾರಕ್ಕೊಮ್ಮೆಯಾದರೂ ಕೇಳುವ ವಾಕ್ಯ. ಯಾವ ಕಾರ್ಖಾನೆ ಎಂಬುದು ಇಲ್ಲಿ ಮುಖ್ಯವಲ್ಲ, ವಾಕ್ಯ ಎಲ್ಲ ಗೇಟುಗಳಲ್ಲೂ ಅದೇ. ಬೆಲ್ಟು ಓಡುತ್ತಿದೆ, ಕ್ಲಿಂಕರ್ ಬೀಳುತ್ತಿದೆ, ಸಿಮೆಂಟ್ ಮಾರಾಟವಾಗಿ ಹಣವೂ ಬಂದಿದೆ. ಬೆಲ್ಟು ಸರಿಮಾಡಿದ್ದು ಮಾತ್ರ ನಡೆದಿಲ್ಲ.

ಇದರ ಮೇಲೆ ಇನ್ನೊಂದು ಜಾಣತನ: ‘ಎಂಟ್ರಿ ಆದಮ್ಯಾಲೆ ಬಿಲ್ ಕೊಡ್ರಿ, ಈಗ ಬ್ಯಾಡ’. ಮೊದಲೇ ಬಿಲ್ಲು ಕೊಟ್ಟರೆ ಶೆಡ್ಡಿನವನು ಮುಂದಿನ ತಿಂಗಳು ಕೈಯಿಂದ ಜಿಎಸ್‌ಟಿ ಕಟ್ಟಬೇಕು. ಬಾರದ ಹಣದ ಮೇಲೆ ಹದಿನೆಂಟು ಪರ್ಸೆಂಟು. ಕೊಡದೆ ಕಾದರೆ ಬಿಲ್ಲಿನ ತಾರೀಖು ಮುಂದೆ ಹೋಗುತ್ತದೆ, ತಾರೀಖಿನ ಜೊತೆ ಪಾವತಿಯ ಗಡುವೂ ಮುಂದೆ ಹೋಗುತ್ತದೆ. ಕೆಲಸ ಜೂನಿನಲ್ಲಿ, ಬಿಲ್ಲು ಆಗಸ್ಟಿನಲ್ಲಿ, ಹಣ ದೀಪಾವಳಿಗೆ. ಕಾರ್ಖಾನೆಯ ವರದಿಯಲ್ಲಿ ‘ಪಾವತಿ ಸಕಾಲದಲ್ಲಿ’ ಎಂದು ಹಸಿರು ಬಣ್ಣ.

ಕಾನೂನು ಹೀಗೆ ಎಣಿಸುವುದಿಲ್ಲ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಮಾಲು ಮುಟ್ಟಿದ ಅಥವಾ ಸೇವೆ ಸಂದ ದಿನದಿಂದ ಲೆಕ್ಕ ಶುರು. 15 ದಿನದೊಳಗೆ ಲಿಖಿತ ತಕರಾರು ಮಾಡದಿದ್ದರೆ ಆ ದಿನವೇ ಒಪ್ಪಿಕೊಂಡ ದಿನ. ಎಂಥ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರುಪಟ್ಟು, ತಿಂಗಳು ತಿಂಗಳು ಚಕ್ರಬಡ್ಡಿ. 2023ರ ಹಣಕಾಸು ಕಾಯ್ದೆ ಆದಾಯ ತೆರಿಗೆ ಕಾನೂನಿಗೆ 43ಬಿ(ಎಚ್) ಸೇರಿಸಿ, ಸಣ್ಣ ಉದ್ದಿಮೆಗೆ ಗಡುವಿನೊಳಗೆ ಕೊಡದ ಹಣವನ್ನು ಆ ವರ್ಷದ ಖರ್ಚೆಂದು ತೋರಿಸುವಂತಿಲ್ಲ ಎಂದಿತು. ಈ ಕಾಯ್ದೆಗಳಲ್ಲಿ ಎಲ್ಲೂ ‘ಎಂಟ್ರಿ ಆದ ದಿನದಿಂದ’ ಎಂಬ ಮಾತಿಲ್ಲ. ದೇಶದ ಕಾನೂನಿನ ಗಡಿಯಾರ ಒಂದು, ಮಾಡ್ಯೂಲಿನ ಗಡಿಯಾರ ಇನ್ನೊಂದು. ಹಣ ನಡೆಯುವುದು ಎರಡನೆಯದರ ಪ್ರಕಾರ. ಯಾಕೆಂದರೆ ಶೆಡ್ಡಿನವನು ಚಕ್ರಬಡ್ಡಿ ಕೇಳಿ ದೂರು ಕೊಟ್ಟ ದಿನ, ರಾತ್ರಿ ಫೋನ್ ಬರುವುದು ನಿಲ್ಲುತ್ತದೆ.

ಬರೆದದ್ದೊಂದೇ ನಿಜವಲ್ಲ ಎಂಬ ವಾದ ಈ ಮಣ್ಣಿಗೆ ಹೊಸದಲ್ಲ ಅನ್ನುವುದು ನನಗೆ ಖುಷಿ ಕೊಡುವ ಸಂಗತಿ. ಶಹಾಬಾದಿನ ಹತ್ತಿರದ ಮರತೂರು ವಿಜ್ಞಾನೇಶ್ವರನ ಊರು ಎಂದು ಪ್ರತೀತಿ. ಆರನೇ ವಿಕ್ರಮಾದಿತ್ಯನ ಕಾಲದ ಈ ಪಂಡಿತ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನ ಬ್ರಿಟಿಷರ ಕೋರ್ಟುಗಳವರೆಗೂ ನಡೆದುಬಂತು. ಆಸ್ತಿ ಹಂಚಿಕೆಯ ಮಾತು ಬಂದಾಗಲೇ ಅದನ್ನು ನೆನೆಯುತ್ತೇವೆ. ವ್ಯವಹಾರ ಭಾಗವನ್ನು ನೆನೆಯುವುದಿಲ್ಲ. ಅಲ್ಲಿ ಒಂದು ವ್ಯಾಜ್ಯ ಬಂದರೆ ಮನುಷ್ಯರ ಕೈಯಲ್ಲಿರುವ ಪ್ರಮಾಣಗಳು ಮೂರು: ಲಿಖಿತ, ಭುಕ್ತಿ, ಸಾಕ್ಷಿ. ಬರೆದದ್ದು ಒಂದು, ಅನುಭೋಗದಲ್ಲಿರುವುದು ಇನ್ನೊಂದು, ಕಂಡವರ ಮಾತು ಮೂರನೆಯದು. ಓಡುತ್ತಿರುವ ಬೆಲ್ಟು ಭುಕ್ತಿ. ಆ ರಾತ್ರಿ ಶಿಫ್ಟಿನಲ್ಲಿದ್ದವರು ಸಾಕ್ಷಿ. ಖರೀದಿ ಮಾಡ್ಯೂಲ್ ಈ ಎರಡನ್ನೂ ಕಿತ್ತುಹಾಕಿ ಲಿಖಿತವೊಂದನ್ನೇ ಇಟ್ಟುಕೊಂಡಿದೆ, ಅದನ್ನೂ ತನ್ನ ಕಡೆಯವರೇ ಬರೆಯಬೇಕು ಎಂಬ ಷರತ್ತಿನ ಮೇಲೆ. ಒಂಬೈನೂರು ವರ್ಷ ಹಿಂದಿನ ವ್ಯಾಖ್ಯಾನಕಾರನಿಗೆ ಹೊಳೆದ ವಿವೇಕ ಅತ್ಯುತ್ತಮ ಪದ್ಧತಿಯವರಿಗೆ ಹೊಳೆದಿಲ್ಲ.

ಇಂಗ್ಲಿಷರ ಕಾನೂನೂ ಇದನ್ನು ಬಲ್ಲದು. 1872ರ ಸಾಕ್ಷ್ಯ ಕಾಯ್ದೆಯ 34ನೇ ಕಲಂ, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 28ನೆಯದು, ಏನು ಹೇಳುತ್ತದೆ? ವ್ಯಾಪಾರದಲ್ಲಿ ಕ್ರಮವಾಗಿ ಇಟ್ಟ ಲೆಕ್ಕದ ಪುಸ್ತಕ ಪರಿಗಣನೆಗೆ ಬರುತ್ತದೆ, ಕಂಪ್ಯೂಟರಿನಲ್ಲಿ ಇಟ್ಟದ್ದೂ ಬರುತ್ತದೆ. ಆದರೆ ಬರೀ ಅದರ ಆಧಾರದ ಮೇಲೆ ಇನ್ನೊಬ್ಬನ ಮೇಲೆ ಹೊಣೆ ಹೊರಿಸುವಂತಿಲ್ಲ. ನಿನ್ನ ಪುಸ್ತಕದಲ್ಲಿ ನೀನೇ ಬರೆದುಕೊಂಡದ್ದು ನನ್ನನ್ನು ಕಟ್ಟಿಹಾಕಲಾರದು, ಅಷ್ಟೇ.

ಪರದೆಯೇ ನಿಜ ಎಂದು ನಂಬಿದರೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದಕ್ಕೆ ಬ್ರಿಟನ್ನಿನ ಅಂಚೆ ಇಲಾಖೆ ಸಾಕ್ಷಿ. 1999ರಿಂದ ಅಲ್ಲಿನ ಅಂಚೆ ಕಚೇರಿಗಳಿಗೆ ಹೊರೈಜನ್ ಎಂಬ ಲೆಕ್ಕದ ತಂತ್ರಾಂಶ ಬಂತು; ಫುಜಿತ್ಸು ಕಂಪನಿಯದು. ಅದು ತೋರಿಸಿದ ಕೊರತೆಯನ್ನು ನಂಬಿ, ಊರೂರಿನ ಸಣ್ಣ ಅಂಚೆ ಕಚೇರಿ ನಡೆಸುವವರನ್ನು ಕಳ್ಳರೆಂದರು. 900ಕ್ಕೂ ಹೆಚ್ಚು ಜನಕ್ಕೆ ಶಿಕ್ಷೆಯಾಯಿತು, ಕೆಲವರು ಜೈಲಿಗೆ ಹೋದರು, ಮನೆ ಮಾರಿಕೊಂಡರು. ತಂತ್ರಾಂಶದಲ್ಲೇ ದೋಷವಿತ್ತೆಂದು ಕೋರ್ಟು 2019ರಲ್ಲಿ ಹೇಳಿತು. ಶಿಕ್ಷೆಗಳನ್ನು ಸಾರಾಸಗಟು ರದ್ದು ಮಾಡಲು 2024ರಲ್ಲಿ ಸಂಸತ್ತೇ ಕಾಯ್ದೆ ಮಾಡಬೇಕಾಯಿತು. ನಮ್ಮಲ್ಲಿ ಯಾರೂ ಜೈಲಿಗೆ ಹೋಗಿಲ್ಲ ನಿಜ. ಸಾಲದಲ್ಲಿ ಲಾರಿ ಕಳೆದುಕೊಂಡವರ ಲೆಕ್ಕ ಯಾವ ಸಂಸತ್ತಿಗೂ ಹೋಗುವುದಿಲ್ಲ.

‘ಪದ್ಧತಿಯನ್ನೇ ಬಗ್ಗಿಸಿ’ ಎಂಬ ಉಪದೇಶ ದೊಡ್ಡವರಿಗಾದರೂ ಫಲಿಸಿದೆಯೇ? 1999ರಲ್ಲಿ ಅಮೆರಿಕದ ಹರ್ಷೀಸ್ ಕಂಪನಿ ಹ್ಯಾಲೋವೀನ್ ಹಬ್ಬದ ಮುಂಚೆ ಅವಸರದಲ್ಲಿ ಹೊಸ ಮಾಡ್ಯೂಲ್‌ಗಳನ್ನು ಚಾಲೂ ಮಾಡಿತು. ಗೋದಾಮಿನಲ್ಲಿ ಚಾಕೊಲೇಟ್ ಇತ್ತು, ಅಂಗಡಿಗಳಿಂದ ಬೇಡಿಕೆಯೂ ಇತ್ತು. ಸುಮಾರು ಹತ್ತು ಕೋಟಿ ಡಾಲರಿನ ಬೇಡಿಕೆ ಪೂರೈಸಲು ಆಗಲಿಲ್ಲ. ಸಿಸ್ಟಮ್‌ದಾಗ ಇಲ್ರಿ! ಜರ್ಮನಿಯ ಲಿಡ್ಲ್ ಅಂಗಡಿ ಜಾಲ ಏಳು ವರ್ಷ ಒದ್ದಾಡಿ, ಸುಮಾರು 50 ಕೋಟಿ ಯೂರೋ ಸುರಿದು, 2018ರಲ್ಲಿ ಸ್ಯಾಪ್ ಯೋಜನೆಯನ್ನೇ ಕೈಬಿಟ್ಟಿತು. ಲಿಡ್ಲ್ ತನ್ನ ದಾಸ್ತಾನಿಗೆ ಕೊಂಡ ಬೆಲೆ ಹಿಡಿಯುತ್ತದೆ, ತಂತ್ರಾಂಶದ ಸಿದ್ಧ ಪದ್ಧತಿ ಮಾರುವ ಬೆಲೆ ಹಿಡಿಯುತ್ತದೆ. ಲಿಡ್ಲ್ ಬಗ್ಗಲಿಲ್ಲ, ತಂತ್ರಾಂಶವನ್ನು ಬಗ್ಗಿಸಲು ಹೋದಷ್ಟೂ ಅದು ತೊಡಕಾಯಿತು. ಅವರ ಊರಿನ ತಂತ್ರಾಂಶ, ಅವರ ಭಾಷೆಯ ಜನ, ಅವರ ಹಣ. ಕೊನೆಗೆ ತಮ್ಮ ಪದ್ಧತಿಯೇ ಇರಲಿ ಎಂದರು. ಚಿಂಚೋಳಿಯ ದಾಲ್‌ಮಿಲ್ಲಿನವನು ಅದೇ ಮಾತು ಹೇಳಿದರೆ ಹಿಂದುಳಿದವನು.

ಈ ವಾದದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಸಿಬ್ಬಂದಿ ಮಾಡ್ಯೂಲ್. ಅದರಲ್ಲಿ ಕಾಯಂ ನೌಕರನಿಗೆ ಹೆಸರಿದೆ, ಹುಟ್ಟಿದ ದಿನ ಇದೆ, ರಜೆ, ಬಡ್ತಿ, ಆಸ್ಪತ್ರೆ ಖರ್ಚು, ನಿವೃತ್ತಿ ಎಲ್ಲ ಇದೆ. ಪ್ಯಾಕಿಂಗ್ ವಿಭಾಗದಲ್ಲಿ ಧೂಳು ತಿನ್ನುವ, ಕಿಲ್ನ್ ನಿಂತಾಗ ಒಳಗೆ ಇಳಿದು ಇಟ್ಟಿಗೆ ಒಡೆಯುವ ಗುತ್ತಿಗೆ ಕೂಲಿಯಾಳು ಅಲ್ಲಿಲ್ಲ. ಅವನನ್ನು ಹುಡುಕಬೇಕಾದದ್ದು ಖರೀದಿ ಮಾಡ್ಯೂಲಿನಲ್ಲಿ. ನಟ್ಟು, ಬೋಲ್ಟು, ಗ್ರೀಸು ಕೊಳ್ಳುವ ಅದೇ ಪರದೆಯಲ್ಲಿ ‘ಸೇವೆ’ ಎಂಬ ತಲೆಬರಹದ ಕೆಳಗೆ, ಪ್ರಮಾಣ ಇಷ್ಟು, ಅಳತೆಯ ಘಟಕ ಆಳುದಿನ, ದರ ಇಷ್ಟು. ಗೇಟಿನ ಹಾಜರಿ ಯಂತ್ರಕ್ಕೆ ಅವನ ಬೆರಳು ಗೊತ್ತು, ಪಾಸಿನ ಮೇಲೆ ಫೋಟೋ ಇದೆ. ಆದರೆ ಹಣ ಹರಿಯುವ ದಾರಿಯಲ್ಲಿ ಅವನು ಒಂದು ಸಂಖ್ಯೆಯ ಭಾಗ. ಎಂಟ್ರಿ ತಡವಾದರೆ ಗುತ್ತಿಗೆದಾರನ ಬಿಲ್ಲು ತಡ, ಬಿಲ್ಲು ತಡವಾದರೆ ಅವನ ಪಗಾರ ತಡ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕು ಎಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ 21ನೇ ಕಲಂ ಹೇಳಿತ್ತು; ಈಚಿನ ಕಾರ್ಮಿಕ ಸಂಹಿತೆಗಳೂ ಆ ಹೊಣೆಯನ್ನು ಕೈಬಿಟ್ಟಿಲ್ಲ. ಆ ಹೊಣೆ ಯಾರ ಕಡೆಗಿದೆ ಎಂದು ಮಾಲೀಕನಿಗೆ ನೆನಪಿಸುವ ಒಂದು ಕೆಂಪಕ್ಷರವೂ ಸಿಬ್ಬಂದಿ ಮಾಡ್ಯೂಲಿನಲ್ಲಿ ಏಳುವುದಿಲ್ಲ, ಏಕೆಂದರೆ ಆ ಮನುಷ್ಯ ಅಲ್ಲಿ ಸಿಬ್ಬಂದಿಯೇ ಅಲ್ಲ. ತೊಗರಿಯ ತೂಕ ಇಳಿದರೆ ಬರುವ ಕೆಂಪಕ್ಷರ ಅವನ ಪಗಾರ ತಪ್ಪಿದರೆ ಬರುವುದಿಲ್ಲ.

ತಂತ್ರಾಂಶದವರು ಇದಕ್ಕೆ ಕೊಡುವ ಉತ್ತರ ಗೊತ್ತಿದೆ: ತಪ್ಪು ತಂತ್ರಾಂಶದ್ದಲ್ಲ, ಬಳಸುವವರದು, ನಾವು ಹೇಗೆ ಬೇಕಾದರೂ ಹೊಂದಿಸಿಕೊಡುತ್ತೇವೆ. ಸರಿ, ಹೊಂದಿಸುವ ಪರದೆಯನ್ನೇ ತೆಗೆದು ನೋಡೋಣ. ಸ್ಯಾಪ್‌ನಲ್ಲಿ ಪಾವತಿಯ ಷರತ್ತು ಬರೆಯುವ ಕಡೆ, ದಿನ ಎಣಿಸುವುದನ್ನು ಎಲ್ಲಿಂದ ಶುರು ಮಾಡಬೇಕು ಎಂಬುದಕ್ಕೆ ಸಿದ್ಧ ಆಯ್ಕೆಗಳಿವೆ: ಬಿಲ್ಲಿನ ತಾರೀಖು, ಲೆಕ್ಕಕ್ಕೆ ಹತ್ತಿದ ತಾರೀಖು, ಎಂಟ್ರಿ ಮಾಡಿದ ತಾರೀಖು, ಇಲ್ಲವೇ ಖಾಲಿ. ಮಾಲು ಗೇಟು ದಾಟಿದ ತಾರೀಖು ಈ ನಾಲ್ಕರಲ್ಲಿ ಇಲ್ಲ. ಭಾರತದ ಕಾನೂನು ಕೇಳುವ ಒಂದೇ ತಾರೀಖು ಅತ್ಯುತ್ತಮ ಪದ್ಧತಿಯ ಸಿದ್ಧ ಪಟ್ಟಿಯಲ್ಲಿ ಇಲ್ಲ! ಮಾಡಲು ಬರುವುದಿಲ್ಲವೇ ಎಂದರೆ ಖಂಡಿತ ಬರುತ್ತದೆ. ಮಾಲು ಬಂದ ಎಂಟ್ರಿಯಿಂದಲೇ, ಸರಬರಾಜುದಾರನ ಬಿಲ್ಲಿಗೆ ಕಾಯದೆ, ಪಾವತಿಯ ಲೆಕ್ಕ ಹುಟ್ಟಿಸುವ ಸೌಲಭ್ಯ ಅದೇ ತಂತ್ರಾಂಶದಲ್ಲಿ ಬಹಳ ವರ್ಷಗಳಿಂದ ಇದೆ. ಅದನ್ನು ಚಾಲೂ ಮಾಡಿ ಎಂದು ಕೇಳಿದವರು ಕಡಿಮೆ, ಯಾಕೆಂದರೆ ತಂತ್ರಾಂಶಕ್ಕೆ ದುಡ್ಡು ಕೊಟ್ಟವರು ಹಣ ಕೊಡಬೇಕಾದವರು, ಹಣ ಬರಬೇಕಾದವರಲ್ಲ.

ಹಾಗಾಗಿ ಈ ಊರುಗಳ ಲಾರಿ ಮಾಲೀಕರು, ಶೆಡ್ಡಿನವರು, ಗುತ್ತಿಗೆದಾರರು ಮುಂದಿನ ಸಲ ಕಾರ್ಖಾನೆಯವರು ಕರೆಯುವ ಸರಬರಾಜುದಾರರ ಸಭೆಗೆ ಹೋದಾಗ ಶಾಲು ಹೊದಿಸಿಕೊಂಡು ಊಟ ಮಾಡಿ ಬರುವ ಮುಂಚೆ ಎರಡು ಮಾತು ಕೇಳಬೇಕು. ಗೇಟಿನ ಕಾಟಾ ಚೀಟಿಯ ಮೇಲೆ ಗಂಟೆ ನಿಮಿಷ ಸಹಿತ ತಾರೀಖು ಅಚ್ಚಾಗುತ್ತದಲ್ಲ, 45 ದಿನವನ್ನು ಅಲ್ಲಿಂದ ಎಣಿಸಿ. ರಾತ್ರಿ ಕರೆಸಿದ ಕೆಲಸಕ್ಕೆ ಪಿಒ ಇಲ್ಲದಿದ್ದರೆ ಶಿಫ್ಟ್ ಎಂಜಿನಿಯರ್ ಬೆಳಿಗ್ಗೆ ಮನೆಗೆ ಹೋಗುವ ಮುಂಚೆ ತನ್ನ ಮೊಬೈಲಿನಿಂದಲೇ ಒಂದು ಸಂಖ್ಯೆ ಹುಟ್ಟಿಸಿ ನಮಗೆ ಕನ್ನಡದಲ್ಲಿ ಎಸ್‌ಎಂಎಸ್ ಕಳಿಸಲಿ. ಪಿಒ, ಅನುಮೋದನೆ, ಬಜೆಟ್ಟು ಎಲ್ಲ ಆ ಸಂಖ್ಯೆಯ ಹಿಂದೆ ನಿಧಾನ ಬರಲಿ. ‘ಸಿಸ್ಟಮ್‌ದಾಗ ಬರಂಗಿಲ್ರಿ’ ಅಂದರೆ, ಗುಡ್ಡೆಯ ಲೆಕ್ಕ ತಪ್ಪಿದಾಗ ತಿಂಗಳ ಕೊನೆಗೆ ಯಾವ ಕೋಡು ಒತ್ತುತ್ತೀರಿ ಎಂದು ಕೇಳಿ.